ಕ್ಷಮಿಸಲು ಹೋದವಳ ಜಗಳ

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರಕ್ಕೆ ಒಂದು ದಿನ ಮುಂಚೆ, ಸಂಜೆ ನಾಲ್ಕೂವರೆಗೆ, ಸೂಜಕ್ಕ ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ ಮೊಣಕಾಲೂರಿ ಕೂತು ಫಾದರ್ ಜೊತೆ ಜಗಳ ತೆಗೆದಳು.

ಸೂಜಕ್ಕ ಎಂಬುದು ಅಡ್ಡಹೆಸರು. ಇಪ್ಪತ್ತಮೂರು ವರ್ಷ ಒಂದೇ ಬೈಂಡಿಂಗ್ ಕಾರ್ಖಾನೆಯಲ್ಲಿ ಪುಸ್ತಕ ಹೊಲಿದವಳು. ಹೆಸರು ಅಂಟಿದ್ದು ಕೈಯಲ್ಲಿದ್ದ ಸೂಜಿಯಿಂದಲೋ ಬಾಯಲ್ಲಿದ್ದ ನಾಲಿಗೆಯಿಂದಲೋ ಎಂದು ಕೇಳಿದರೆ ಅಲ್ಲಿನವರು ನಗುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ಹಿಂದಿನ ವರ್ಷ ಇದೇ ದಿನಗಳಲ್ಲಿ, ಕ್ಯಾಲೆಂಡರು, ಡೈರಿಗಳ ಕೆಲಸ ಕತ್ತಿನವರೆಗೆ ಬಂದಿದ್ದಾಗ, ಆಳು ಸಾಲದೆಂದು ಅವಳನ್ನು ಹೊಲಿಗೆಯ ಮೇಜಿನಿಂದ ಎಬ್ಬಿಸಿ ಕಟಿಂಗ್ ಮಶಿನ್ ಮುಂದೆ ನಿಲ್ಲಿಸಿದರು. ಆ ಮಶಿನ್ನಿಗೆ ಎರಡು ಗುಂಡಿ. ಎರಡು ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಆಗ ಯಾವ ಕೈಯೂ ಬ್ಲೇಡಿನ ಕೆಳಗೆ ಇರುವುದಿಲ್ಲ. ಕೆಲಸ ಬೇಗ ಸಾಗಲಿ ಎಂದು ಮಾಲೀಕ ಹೇಳಿದ್ದ. ಮಶಿನ್ನುಗಳ ರಿಪೇರಿ ನೋಡಿಕೊಳ್ಳುವ ಫಿಟ್ಟರ್ ಒಂದು ಗುಂಡಿಯ ಹಿಂದೆ ವೈರು ಜೋಡಿಸಿ, ಅದು ಸದಾ ಒತ್ತಿದಂತೆಯೇ ಇರುವ ಹಾಗೆ ಮಾಡಿದ್ದ. ಸೂಜಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಎಡಗೈಯಿಂದ ಕಾಗದದ ಕಟ್ಟನ್ನು ಸರಿಪಡಿಸುತ್ತಿದ್ದಾಗ ಬಲಗೈ ಇನ್ನೊಂದು ಗುಂಡಿಗೆ ತಾಗಿತು. ಎಡಗೈಯ ಎರಡು ಬೆರಳು ಹೋದವು.

ಇನ್ಸ್‌ಪೆಕ್ಟರ್ ತಪಾಸಣೆಗೆ ಬರುವಷ್ಟರಲ್ಲಿ ವೈರು ಮಾಯವಾಗಿ, ಗುಂಡಿಯ ಸಂದಿಯಲ್ಲಿ ಮಡಚಿದ ರಟ್ಟಿನ ಚೂರೊಂದು ಕಾಣಿಸಿಕೊಂಡಿತ್ತು. ಬೇಗ ಮುಗಿಸುವ ಆತುರದಲ್ಲಿ ಅವಳೇ ಸಿಕ್ಕಿಸಿಕೊಂಡಿದ್ದಳು ಎಂದು ಫಿಟ್ಟರ್ ಬರೆದುಕೊಟ್ಟು ಸಹಿ ಹಾಕಿದ. ಬೆರಳಿನ ಜೊತೆ ಕೆಲಸವೂ ಹೋಯಿತು, ಒಳ್ಳೆಯ ಕೆಲಸಗಾರ್ತಿ ಎಂಬ ಹೆಸರೂ ಹೋಯಿತು. ಮೂರನೆಯದೇ ಅವಳಿಗೆ ಹೆಚ್ಚು ಉರಿದದ್ದು.

ಆದರೆ ಆ ಸಂಜೆ ಅವಳು ಫಾದರ್ ಕಿವಿಗೆ ಹಾಕಲು ಬಂದದ್ದು ಫಿಟ್ಟರನ ಪಾಪವನ್ನಲ್ಲ, ತನ್ನದನ್ನು.

"ಏಳು ತಿಂಗಳ ಹಿಂದೆ ಅವನ ಮಗಳಿಗೆ ಹೆರಿಗೆ ಆಯ್ತು, ಮಗು ಉಳೀಲಿಲ್ಲ" ಎಂದಳು. "ಸುದ್ದಿ ಕೇಳಿ ನಾನು 'ಆಗ್ಲಿ, ಈಗ ಗೊತ್ತಾಗುತ್ತೆ ಅವನಿಗೆ' ಅಂದೆ. ಅಂದು ಸುಮ್ಮನಾಗಲಿಲ್ಲ ಫಾದರ್. ಅವತ್ತು ಹೊಟ್ಟೆ ತುಂಬ ಊಟ ಮಾಡ್ದೆ. ಎಷ್ಟೋ ತಿಂಗಳಾದ ಮೇಲೆ ಚೆನ್ನಾಗಿ ನಿದ್ದೆ ಬಂತು."

ಜಾಲರಿಯ ಆಚೆ ಫಾದರ್ ಕೆಮ್ಮಿದರು. ವಯಸ್ಸಾದವರು, ಆ ವಾರ ನೆಗಡಿ ಬೇರೆ. ಆಮೇಲೆ, ಪಶ್ಚಾತ್ತಾಪ ಇದೆಯೇ ಎಂದು ಕೇಳಿದರು. ಇಲ್ಲದಿದ್ದರೆ ಬಂದು ಮೊಣಕಾಲು ಸವೆಸುತ್ತಿದ್ದೆನಾ ಎಂದಳು. ಅವರು ಪಾಪಕ್ಷಮೆಯ ಮಾತುಗಳನ್ನು ಹೇಳಿ, ಸಮಾಧಾನದಿಂದ ಹೋಗು ಎಂದರು.

ಸೂಜಕ್ಕ ಏಳಲಿಲ್ಲ.

"ಇಷ್ಟೇನಾ?"

"ಇಷ್ಟೇ."

"ಒಂದು ಮಗು ಸತ್ತಿದ್ದಕ್ಕೆ ಖುಷಿ ಪಟ್ಟವಳು ನಾನು. ತರಕಾರಿಯವನು ಕೊಸರು ಹಾಕಿದ ಹಾಗೆ ಕ್ಷಮೆ ಹಾಕ್ತೀರಲ್ಲ. ಏನಾದ್ರೂ ಕಷ್ಟದ್ದು ಕೊಡಿ."

"ಕೊಸರಲ್ಲಮ್ಮ, ಇದೇ ಸರಕು" ಎಂದ ಫಾದರ್ ಮೂಗು ಒರೆಸಿಕೊಂಡರು. "ಕಷ್ಟದ್ದೇ ಬೇಕು ಅಂದ್ರೆ ಕೇಳು. ನಿನಗೆ ಈಗ ಸಿಕ್ಕಿದ್ದನ್ನ ಕ್ರಿಸ್‌ಮಸ್ ಒಳಗೆ ಇನ್ನೊಬ್ಬರಿಗೆ ಕೊಡು. ಯಾರಿಗೆ ಅಂತ ನಾನು ಹೇಳಬೇಕಾಗಿಲ್ಲ."

"ಅವನಿಗಾ? ನನ್ನ ಕೈಯಲ್ಲಿ ಆಗಲ್ಲ."

"ಹಾಗಾದ್ರೆ ಕೇಳಿದ್ದೇ ಸಿಕ್ತು ಬಿಡು" ಎಂದು ಫಾದರ್ ಸೀನಿದರು.

ಅವಳು ಉರಿಯುತ್ತಲೇ ಮನೆಗೆ ಹೋದಳು. ಮನೆಯೆಂದರೆ ತಮ್ಮನ ಮನೆ. ಸರಕಿನ ವ್ಯಾನು ಓಡಿಸುವ ತಮ್ಮ, ಅವನ ಹೆಂಡತಿ, ಇವಳು, ಎರಡು ಕೋಣೆ. ಕಿಟಕಿ ಪಕ್ಕದ ಹಲಗೆಯ ಮೇಲೆ ಅವಳು ಈಗಲೂ ಬಿಡಿ ಕೆಲಸ ಹೊಲಿಯುತ್ತಿದ್ದಳು. ಹರಿದ ಪ್ರಾರ್ಥನಾ ಪುಸ್ತಕ, ಆಫೀಸುಗಳ ಹಳೇ ರಿಜಿಸ್ಟರು, ಏನು ಬಂದರೂ ಸರಿ. ಮೂರು ಬೆರಳಿನ ಎಡಗೈಯಲ್ಲಿ ಹಾಳೆಯ ಮಡಿಕೆಯನ್ನು ಹಿಡಿಯಲು ಕಲಿಯುವುದಕ್ಕೇ ಅವಳಿಗೆ ಅರ್ಧ ವರ್ಷ ಹಿಡಿದಿತ್ತು.

ಫಿಟ್ಟರನನ್ನು ಕ್ಷಮಿಸಲು ಹೋಗುತ್ತೇನೆ ಎಂದು ಅವಳು ಹೇಳಿದಾಗ ತಮ್ಮ ತಟ್ಟೆಯಿಂದ ತಲೆಯೆತ್ತಿದ.

"ತಲೆ ಕೆಟ್ಟಿದೆಯಾ ಅಕ್ಕ ನಿನಗೆ? ಅವನು ಕೇಳಿದ್ನಾ?"

"ಕೇಳಿಲ್ಲ."

"ಮತ್ತೆ?"

"ನನಗೂ ಹೀಗೆ ಸುಲಭಕ್ಕೇ ಕೊಟ್ಟುಬಿಟ್ರು. ಇಟ್ಕೊಂಡು ಏನು ಮಾಡಲಿ? ಅದನ್ನೇ ಅವನ ಮುಖಕ್ಕೆ ಎಸೆದು ಬರ್ತೀನಿ."

ನಿಜವಾಗಿಯೂ ಹಾಗೇ ಮಾಡಿದಳು. ಭಾನುವಾರ ಪೂಜೆ ಮುಗಿಸಿ ನೇರವಾಗಿ ಫಿಟ್ಟರ್ ಇದ್ದ ಕಟ್ಟಡಕ್ಕೆ ಹೋದಳು. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿ ಎಷ್ಟು ಕಾಲವಾಗಿತ್ತೋ, ಚೀಟಿಯೇ ಹಳದಿ ತಿರುಗಿತ್ತು. ಮೂರನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿದಳು. ಫಿಟ್ಟರನೇ ಬಾಗಿಲು ತೆಗೆದ.

"ನಿನ್ನ ಕ್ಷಮಿಸಿದ್ದೀನಿ ಅಂತ ಹೇಳೋಕೆ ಬಂದೆ" ಎಂದಳು.

"ಯಾವುದಕ್ಕೆ?"

"ನಿನಗೆ ಗೊತ್ತಿಲ್ವಾ?"

"ಕ್ಷಮಿಸೋ ಅಂಥದ್ದು ನಾನೇನೂ ಮಾಡಿಲ್ಲ" ಎಂದು ಅವನು ಬಾಗಿಲು ಹಾಕಿಕೊಂಡ.

ಸೂಜಕ್ಕನಿಗೆ ಇದು ಹೊಳೆದೇ ಇರಲಿಲ್ಲ. ಕ್ಷಮೆಯನ್ನು ತೆಗೆದುಕೊಳ್ಳಬೇಕಾದರೆ ಅವನು ಮೊದಲು ತಪ್ಪನ್ನು ಒಪ್ಪಬೇಕು. ಒಪ್ಪಿದರೆ ಸಹಿ ಹಾಕಿದ್ದು ಸುಳ್ಳೆಂದಾಗುತ್ತದೆ, ಸುಳ್ಳಾದರೆ ಅವನ ಕೆಲಸಕ್ಕೂ ಮನೆಯ ಮರ್ಯಾದೆಗೂ ಕುತ್ತು. ಆ ಬಾಗಿಲಿನ ಮುಂದೆ ನಿಂತು ಅವಳು ಇಷ್ಟನ್ನೂ ಲೆಕ್ಕ ಹಾಕಿದಳು. ಆಮೇಲೆ ಬಾಗಿಲಿಗೇ ಹೇಳಿದಳು: "ಮುಂದಿನ ವಾರ ಬರ್ತೀನಿ."

ಎರಡನೇ ಭಾನುವಾರ ಚೀಲದಲ್ಲಿ ಆರು ಪ್ರಾರ್ಥನಾ ಪುಸ್ತಕ, ದಾರ, ಮೇಣದ ತುಂಡು, ಸೂಜಿ ಹಾಕಿಕೊಂಡು ಹೋದಳು. ಬಾಗಿಲು ಬಡಿದಳು. ಒಳಗಿನಿಂದ "ಹೋಗು" ಎಂದು ಕೇಳಿಸಿತು. ಮೆಟ್ಟಿಲ ಮೇಲೆ ಕೂತು ಹೊಲಿಯತೊಡಗಿದಳು. ಮಹಡಿಯವರು ಅವಳನ್ನು ದಾಟಿಕೊಂಡು ಓಡಾಡಿದರು. ಎದುರು ಮನೆಯ ಮುದುಕ ಎರಡು ಸಲ ಕಸದ ಬುಟ್ಟಿ ಹಿಡಿದು ಹೊರಬಂದ. ಎರಡನೇ ಸಲ ಬುಟ್ಟಿಯಲ್ಲಿ ಏನೂ ಇರಲಿಲ್ಲ.

"ಯಾರಮ್ಮ ನೀನು? ಏನು ವಿಷಯ?"

"ಒಳಗಿರೋರಿಗೆ ಒಂದು ಕೊಡಬೇಕಿತ್ತು. ತಗೋತಿಲ್ಲ."

"ಬಾಗಿಲ ಹತ್ತಿರ ಇಟ್ಟು ಹೋಗು."

"ಇಟ್ಟು ಹೋಗೋ ಅಂಥದ್ದಲ್ಲ ಅದು."

ಒಂದು ಗಂಟೆಯಾದ ಮೇಲೆ ಫಿಟ್ಟರನ ಹೆಂಡತಿ ಒಂದು ಸ್ಟೂಲು ತಂದಿಟ್ಟಳು. "ನೆಲ ತಣ್ಣಗಿದೆ, ಇದರ ಮೇಲೆ ಕೂತ್ಕೊಳ್ಳಿ ಅಕ್ಕ" ಎಂದಳು. ಮೆಲ್ಲಗೆ, "ಅವರಿಗೆ ನೀವು ಬೆರಳು ಕಳ್ಕೊಂಡಿದ್ದಕ್ಕೆ ಬೇಜಾರಿದೆ. ಆದ್ರೆ ನೀವೇ ಹಾಗೆ ಮಾಡ್ಕೊಂಡು ಅವರ ಮೇಲೆ ಹೊರಿಸೋದು..." ಎಂದು ನಿಲ್ಲಿಸಿದಳು. ಅವಳ ಮುಖದಲ್ಲಿ ಕಪಟವಿರಲಿಲ್ಲ. ಗಂಡ ಹೇಳಿದ್ದನ್ನು ನಂಬಿದ್ದಳು. ಸೂಜಕ್ಕನ ನಾಲಿಗೆಯ ತುದಿಗೆ ಎಲ್ಲವೂ ಬಂತು. ಅದನ್ನು ಅವನ ಬಾಯಿಂದಲೇ ಕೇಳಲಿ ಎಂದುಕೊಂಡು ನುಂಗಿ, ದಾರಕ್ಕೆ ಮೇಣ ಎಳೆದಳು. ಆರನೇ ಪುಸ್ತಕ ಮುಗಿದ ಮೇಲೆ ಎದ್ದು ಹೋದಳು.

ಮೂರನೇ ಭಾನುವಾರ ಬಾಗಿಲು ತೆಗೆದದ್ದು ಫಿಟ್ಟರನ ಮಗಳು.

ಸೂಜಕ್ಕ ಅವಳನ್ನು ನೋಡಿದ್ದು ಮದುವೆಗೆ ಮುಂಚೆ. ಈಗ ಕೆನ್ನೆ ಇಳಿದಿತ್ತು, ಕೂದಲನ್ನು ಹೇಗೋ ಗಂಟು ಹಾಕಿಕೊಂಡಿದ್ದಳು. "ನೀವು ಸೂಜಿ ಆಂಟಿ ಅಲ್ವಾ? ಬನ್ನಿ ಒಳಗೆ" ಎಂದು ಬಾಗಿಲನ್ನು ಪೂರ್ತಿ ತೆರೆದಳು. ಎರಡು ವಾರ ಬಡಿದ ಬಾಗಿಲು ತೆರೆದುಕೊಂಡಿತ್ತು. ಸೂಜಕ್ಕ ಹಿಂದೆ ತಿರುಗಿ, ಮೂರು ಮಹಡಿಯನ್ನೂ ಓಡುತ್ತ ಇಳಿದಳು.

ರಸ್ತೆಗೆ ಬಂದರೂ ನಿಲ್ಲಲಿಲ್ಲ. ಚರ್ಚಿನ ಬಾಗಿಲು ಮಧ್ಯಾಹ್ನವೂ ತೆರೆದಿರುತ್ತಿತ್ತು. ಒಳಗೆ ಫಾದರ್ ಒಬ್ಬರೇ ದೀಪದ ಸರದ ಗಂಟು ಬಿಡಿಸುತ್ತ ಕೂತಿದ್ದರು. ಪಕ್ಕದಲ್ಲಿ, ಆಗಮನ ಕಾಲದ ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಯಲ್ಲಿ ಮೂರು ಅರ್ಧಂಬರ್ಧ ಉರಿದು ನಿಂತಿದ್ದವು.

"ಅವನು ತಗೊಳಲ್ಲ ಅಂತ ಮೂರು ವಾರ ಬೈದೆ" ಎಂದಳು. "ನಾನೂ ತಗೊಂಡಿಲ್ಲ ಫಾದರ್. ನೀವು ಕೊಟ್ರಿ, ನಾನು ಕೈ ಚಾಚಿಲ್ಲ. ಆ ಹುಡುಗಿಯ ಮುಖ ನೋಡಿದ ತಕ್ಷಣ ಗೊತ್ತಾಯ್ತು."

ಫಾದರ್ ಸರದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು ಹಿಡಿದುಕೋ ಎಂದರು. ಇಬ್ಬರೂ ಬಹಳ ಹೊತ್ತು ಗಂಟು ಬಿಡಿಸಿದರು.

"ನಾನು ಇದಕ್ಕೆ ಯೋಗ್ಯಳಲ್ಲ" ಎಂದಳು ಕೊನೆಗೆ.

"ಅಲ್ಲ" ಎಂದರು ಫಾದರ್. "ಯೋಗ್ಯರಿಗೆ ಕರುಣೆ ಯಾಕಮ್ಮ ಬೇಕು?"

ಅವಳು ಜಗಳಕ್ಕೆ ಬಾಯಿ ತೆರೆದಳು. ಬೆರಳು ಹೋದ ದಿನವೂ ಅಳದವಳು ಅಲ್ಲಿ, ಸಿಕ್ಕುಸಿಕ್ಕಾದ ವೈರುಗಳ ನಡುವೆ ಕೂತು, ಮುಖ ಮುಚ್ಚಿಕೊಳ್ಳದೆ ಅತ್ತಳು. ಏನೋ ಬಂದು ಒಳಗೆ ಕೂತಂತಾಯಿತು. ಅದನ್ನು ಎಬ್ಬಿಸಿ ಕಳಿಸುವ ಮನಸ್ಸು ಅವಳಿಗೆ ಬರಲಿಲ್ಲ.

ಭಾನುವಾರದವರೆಗೆ ಕಾಯಲಿಲ್ಲ. ಮಂಗಳವಾರ ಸಂಜೆ, ಫಿಟ್ಟರ್ ಕೆಲಸದಿಂದ ಬರುವ ಹೊತ್ತಿಗೆ ಹೋದಳು. ಈ ಸಲ ಹೆಂಡತಿ ಬಾಗಿಲು ತೆಗೆದಳು. ಒಳಗೆ ಊಟದ ಮೇಜು, ಗೋಡೆಗೆ ಒರಗಿಸಿದ್ದ ಇಸ್ತ್ರಿ ಹಲಗೆ, ಕುರ್ಚಿಯಲ್ಲಿ ಮಗಳು. ಫಿಟ್ಟರ್ ಬೂಟಿನ ದಾರ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಇವತ್ತು ನಾನು ಕೊಡೋಕೆ ಬಂದಿಲ್ಲ, ಕೇಳೋಕೆ ಬಂದಿದ್ದೀನಿ" ಎಂದಳು ಸೂಜಕ್ಕ. ಮಗಳ ಕಡೆ ತಿರುಗಿದಳು. "ನಿನ್ನ ಮಗು ಹೋದಾಗ ನಾನು ಖುಷಿ ಪಟ್ಟೆ. ನಿಮ್ಮಪ್ಪನ ಮೇಲಿನ ಸಿಟ್ಟಿಗೆ. 'ಈಗ ಗೊತ್ತಾಗುತ್ತೆ ಅವನಿಗೆ' ಅಂತ ಬಾಯಿ ಬಿಟ್ಟು ಹೇಳಿದೆ. ನಿನ್ನ ಮಗು ಯಾರಿಗೂ ಏನೂ ಮಾಡಿರಲಿಲ್ಲ. ನೀನೂ ಮಾಡಿರಲಿಲ್ಲ. ಇದನ್ನ ನಿನಗೆ ಹೇಳದೆ ಇರೋಕೆ ಆಗಲಿಲ್ಲ. ನನ್ನ ಕ್ಷಮಿಸು ಅಂತ ಕೇಳ್ತಿದ್ದೀನಿ."

ಫಿಟ್ಟರನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳು ಸೂಜಕ್ಕನ ಎಡಗೈಯನ್ನೇ ನೋಡಿದಳು.

"ನನ್ನಿಂದ ಈಗ ಆಗಲ್ಲ" ಎಂದಳು.

"ಆಗಬೇಕು ಅಂತಿಲ್ಲಮ್ಮ."

"ಯಾವಾಗ ಆಗುತ್ತೆ ಅಂತಾನೂ ಗೊತ್ತಿಲ್ಲ."

"ಗೊತ್ತಾಗದಿದ್ರೂ ಪರವಾಗಿಲ್ಲ."

ಸೂಜಕ್ಕ ಹೊರಡಲು ತಿರುಗಿದಳು. ಹಿಂದಿನಿಂದ ಫಿಟ್ಟರನ ದನಿ ಬಂತು. "ಸೂಜಕ್ಕ ಅವತ್ತು ಅಂದಿದ್ದು ಸರಿಯೇ. ಮಗು ಹೋದಾಗ ನಾನೂ ಹಾಗೇ ಅಂದ್ಕೊಂಡಿದ್ದೆ."

ಎಲ್ಲರೂ ಅವನ ಕಡೆ ನೋಡಿದರು. ಅವನು ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲದೊಂದಿಗೆ ನಿಂತಿದ್ದ.

"ವೈರು ಜೋಡಿಸಿದ್ದು ನಾನು" ಎಂದ. "ತೆಗೆದಿದ್ದೂ ನಾನೇ. ರಟ್ಟಿನ ಚೂರು ಸಿಕ್ಕಿಸಿದ್ದು ನಾನೇ. ಇವಳು ಆಸ್ಪತ್ರೆಯಲ್ಲಿದ್ದಾಗ ಸುಳ್ಳು ಬರೆದು ಸಹಿ ಹಾಕ್ದೆ. ಆಮೇಲೆ ಮಗು ಹೋಯ್ತಲ್ಲ, ಆ ದಿನವೇ ಗೊತ್ತಾಯ್ತು ನನಗೆ. ಬೆರಳಿಗೆ ಬದಲು ಇದು. ದೇವರು ನನ್ನ ಹತ್ತಿರ ತಗೊಂಡ. ಶಿಕ್ಷೆ ಆಗಿಹೋಯ್ತು, ಇನ್ನು ಯಾರ ಕ್ಷಮೆಯೂ ಬೇಡ ಅಂತ ಬಾಯಿ ಮುಚ್ಕೊಂಡಿದ್ದೆ."

"ಅಪ್ಪ" ಎಂದಳು ಮಗಳು. ಅವಳ ದನಿ ಸಣ್ಣಗೆ ಒಡೆಯಿತು. "ನನ್ನ ಮಗು ನಿನ್ನ ಶಿಕ್ಷೆನಾ?"

ಅವನು ತಲೆ ತಗ್ಗಿಸಿದ. ಆಗ ಸೂಜಕ್ಕನ ಸಿಟ್ಟು ನೆತ್ತಿಗೇರಿತು. ಒಂದು ವರ್ಷದಿಂದ ಅವನ ಮೇಲೆ ಇದ್ದ ಸಿಟ್ಟಲ್ಲ ಅದು, ಅದಕ್ಕಿಂತ ದೊಡ್ಡದು.

"ಏಯ್ ಫಿಟ್ಟರ್, ಕೇಳಿಲ್ಲಿ. ಎರಡು ಬೆರಳಿಗೆ ಒಂದು ಕೂಸನ್ನ ತಗೊಳೋನಾ ದೇವರು? ಅವನು ಅಂಥವನಾಗಿದ್ರೆ ನಾನು ನಿನ್ನ ಬಾಗಿಲಲ್ಲಿ ಕೂರ್ತಿರಲಿಲ್ಲ, ಅವನ ಬಾಗಿಲಿಗೆ ಹೋಗಿ ಕೂತು ಬೈತಿದ್ದೆ. ನಾನು ಅಂಥ ಮಾತು ಆಡಿದೆ, ಕೆಟ್ಟ ಮಾತು. ಅದನ್ನ ನೀನು ದೇವರ ಬಾಯಿಗೆ ಹಾಕಬೇಡ. ಆ ಮಗು ಮಗುವಾಗೇ ಹೋಯ್ತು, ಯಾರ ಸಾಲಕ್ಕೂ ಅಲ್ಲ. ನಿನ್ನ ತಪ್ಪಿಗೆ ಶಿಕ್ಷೆ ಆಗೇ ಇಲ್ಲ. ಅದಕ್ಕೇ ನಿನಗೆ ಕ್ಷಮೆ ಬೇಕು. ಮೂರು ವಾರದಿಂದ ಹೊತ್ಕೊಂಡು ಮೆಟ್ಟಿಲು ಹತ್ತಿಳಿದು ನನ್ನ ಮಂಡಿ ಹೋಗಿದೆ. ತಗೊಳ್ತೀಯೋ ಇಲ್ವೋ?"

ಎದುರು ಮನೆಯ ಬಾಗಿಲು ಕಿರ್ರೆಂದಿತು.

"ತಗೊಳ್ತೀನಿ" ಎಂದ ಫಿಟ್ಟರ್. ಕುರ್ಚಿ ಹಿಡಿದುಕೊಂಡು ನಿಧಾನಕ್ಕೆ ಕೂತ. ಅವನ ಹೆಂಡತಿ ಅವನ ಹತ್ತಿರ ಹೋಗಲಿಲ್ಲ. ಮಗಳ ಹಿಂದೆ ಹೋಗಿ ನಿಂತು ಅವಳ ಹೆಗಲ ಮೇಲೆ ಎರಡೂ ಕೈ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಅವನು ತಲೆಯೆತ್ತಿ ಹೇಳಿದ: "ಈಗ ಮತ್ತೆ ವೈರು ಇದೆ. ಕ್ಯಾಲೆಂಡರ್ ಕೆಲಸ ಅಂತ ಹೋದ ವಾರ ಮತ್ತೆ ಜೋಡಿಸ್ದೆ."

"ಈಗ ಮಶಿನ್ ಮೇಲೆ ಯಾರಿದ್ದಾರೆ?"

"ಕಂಡಕ್ಟರ್."

ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ಆ ಬಸ್ಸಿನ ಓಡಾಟವೇ ನಿಂತ ಮೇಲೆ ಕಾರ್ಖಾನೆಗೆ ಸೇರಿದ ಐವತ್ತು ವರ್ಷದವನು ಅವನು. ಸೂಜಕ್ಕ ಸೆರಗು ಬಿಗಿದು ಕಟ್ಟಿದಳು. "ನಾಳೆ ಬೆಳಿಗ್ಗೆ ಎಷ್ಟಕ್ಕೆ ಶುರು?"

ಬುಧವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಕಾರ್ಖಾನೆಯ ಬಾಗಿಲಲ್ಲಿದ್ದರು. ಒಂದು ವರ್ಷದ ಮೇಲೆ ಅಂಟಿನ ವಾಸನೆ ಮೂಗಿಗೆ ಬಡಿದಾಗ ಅವಳ ಕೈ ತಾನಾಗಿ ಸೂಜಿ ಹುಡುಕಿತು. ಫಿಟ್ಟರ್ ಯಾರಿಗೂ ನಮಸ್ಕಾರ ಹೇಳದೆ ನೇರ ಹೋಗಿ ಕಟಿಂಗ್ ಮಶಿನ್ನಿನ ಸ್ವಿಚ್ ಆರಿಸಿದ. ಪಕ್ಕದ ತಗಡು ಬಿಚ್ಚಿ, ಇಕ್ಕಳದಲ್ಲಿ ವೈರು ಕತ್ತರಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಹೊಲಿಗೆಯ ಮೇಜು, ಅಂಟಿನ ಮೇಜು, ಎರಡರ ಹೆಂಗಸರೂ ಕೆಲಸ ನಿಲ್ಲಿಸಿದರು.

"ಹೋದ ವರ್ಷವೂ ಇದೇ ಇತ್ತು. ಸೂಜಕ್ಕ ಏನೂ ಮಾಡಿರಲಿಲ್ಲ. ನಾನು ಸುಳ್ಳು ಹೇಳಿದೆ" ಎಂದ.

ಕಂಡಕ್ಟರ್ ಮಶಿನ್ನಿನಿಂದ ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಹತ್ತೂ ಬೆರಳನ್ನು ಒಂದೊಂದಾಗಿ ನೋಡಿಕೊಂಡ. "ಒಂದು ವಾರದಿಂದ ಇದರ ಕೆಳಗೆ ಕೈ ಹಾಕ್ತಿದ್ದೀನಲ್ಲ ಮಾರಾಯ" ಎಂದ.

ಮಾಲೀಕ ಒಳಕೋಣೆಯಿಂದ ಬಂದ. ಮೊದಲು ಕೂಗಾಡಿದ, ಆಮೇಲೆ ಕೆಲಸದಿಂದ ಕಿತ್ತುಹಾಕುತ್ತೇನೆ ಎಂದ. ಫಿಟ್ಟರ್ ಜಗ್ಗಲಿಲ್ಲ. ಇನ್ಸ್‌ಪೆಕ್ಟರಿಗೆ ಬರೆದ ಪತ್ರವನ್ನು ಆಗಲೇ ಅಂಚೆಗೆ ಹಾಕಿ ಬಂದಿದ್ದೇನೆ, ವೈರು ಜೋಡಿಸಲು ಹೇಳಿದ್ದು ಯಾರು ಎಂದೂ ಅದರಲ್ಲಿದೆ ಎಂದ. ಮಾಲೀಕ ಸೂಜಕ್ಕನ ಕಡೆ ತಿರುಗಿ ವ್ಯಂಗ್ಯವಾಗಿ ಕೇಳಿದ: "ಊರಿಗೆಲ್ಲ ಕ್ಷಮೆ ಹಂಚ್ತಿದ್ದೀಯಂತಲ್ಲ. ನನಗೂ ಇದೆಯಾ?"

"ಇದೆ" ಎಂದಳು ಸೂಜಕ್ಕ. "ಯಾವತ್ತು ಬೇಕಾದ್ರೂ ಬಂದು ಕೇಳಿ, ಕೊಡ್ತೀನಿ. ವೈರು ಮಾತ್ರ ಮತ್ತೆ ಜೋಡಿಸೋಕೆ ಬಿಡಲ್ಲ. ಅದು ಬೇರೆ, ಇದು ಬೇರೆ."

ಕಂಡಕ್ಟರ್ ಒಂದು ಕುರ್ಚಿ ಎಳೆದುಕೊಂಡು ಕೂತ. ಎರಡು ಗುಂಡಿಯೂ ಸರಿಯಾಗಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವವರೆಗೆ ಏಳುವುದಿಲ್ಲ ಎಂದ. ಹೆಂಗಸರೂ ಸೂಜಿ ಕೆಳಗಿಟ್ಟರು. ಹನ್ನೊಂದು ಗಂಟೆಯ ಹೊತ್ತಿಗೆ ಮಾಲೀಕನೇ ಫಿಟ್ಟರನಿಗೆ, ಸರಿಮಾಡಿ ತೋರಿಸು, ಆಮೇಲೆ ಹೊರಗೆ ಹೋಗು ಎಂದ. ಫಿಟ್ಟರ್ ಎರಡನ್ನೂ ಮಾಡಿದ.

ಹೀಗೆ ಅವನಿಗೆ ಕ್ರಿಸ್‌ಮಸ್‌ಗೆ ಆರು ದಿನ ಮುಂಚೆ ಕೆಲಸ ಹೋಯಿತು. ಇನ್ಸ್‌ಪೆಕ್ಟರ್ ಬಂದು ಎಲ್ಲರ ಹೇಳಿಕೆಯನ್ನೂ ಹೊಸದಾಗಿ ಬರೆದುಕೊಂಡ; ಸೂಜಕ್ಕನ ತಪ್ಪಿರಲಿಲ್ಲವೆಂದು ಕಾಗದದ ಮೇಲೆ ಬಂತು. ಹೊಲಿಗೆಯ ಮೇಜಿಗೆ ಬಾ ಎಂದು ಕಾರ್ಖಾನೆಯಿಂದ ಕರೆ ಬಂದಾಗ ಅವಳು, ಫಿಟ್ಟರನನ್ನೂ ಕರೆದರೆ ಬರುತ್ತೇನೆ ಎಂದು ಹೇಳಿ ಕಳಿಸಿದಳು. ಅದಕ್ಕೆ ಉತ್ತರ ಬರಲಿಲ್ಲ. ಫಿಟ್ಟರನ ಮಗಳಿಂದ ಕ್ಷಮೆಯೂ ಬರಲಿಲ್ಲ. ತಾಯಿಯ ಕೈಯಲ್ಲಿ ಅವಳು ಹೇಳಿ ಕಳಿಸಿದ್ದು ಎರಡೇ ಮಾತು: "ಇನ್ನೂ ಆಗಿಲ್ಲ." ಹೇಳಿ ಕಳಿಸಿದಳಲ್ಲ ಎಂದುಕೊಂಡಳು ಸೂಜಕ್ಕ.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ಪೂಜೆ ಶುರುವಾದ ಮೇಲೆ ಫಿಟ್ಟರ್ ಒಬ್ಬನೇ ಒಳಬಂದು ಗೋಡೆಯ ಪಕ್ಕ ನಿಂತ. ಜಾಗವಿದ್ದದ್ದು ಒಂದೇ ಬೆಂಚಿನಲ್ಲಿ, ಸೂಜಕ್ಕನ ತಮ್ಮನ ಪಕ್ಕ. ತಮ್ಮ ಅವನನ್ನು ನೋಡಿ ಕಾಲು ಅಗಲಿಸಿ ಕೂತ.

"ಅಕ್ಕ, ನೀನು ಕ್ಷಮಿಸಿರಬಹುದು. ನಾನು ಕ್ಷಮಿಸಿಲ್ಲ" ಎಂದ, ಪಿಸುಮಾತಾದರೂ ಮೂರು ಬೆಂಚಿಗೆ ಕೇಳಿಸುವಂತೆ.

ಸೂಜಕ್ಕ ಎದ್ದು ಹೋಗಿ ಗೋಡೆಯ ಹತ್ತಿರ ಫಿಟ್ಟರನ ಪಕ್ಕ ನಿಂತಳು. ಜನ ತಿರುಗಿ ನೋಡಿದರು. ಮೊದಲ ವಾಚನ ಮುಗಿಯಿತು, ಎರಡನೆಯದು ಮುಗಿಯಿತು. ಅವಳು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು. ಫಾದರ್ ಪ್ರವಚನಕ್ಕೆ ಬಂದರು. ಚಿಕ್ಕದಾಗಿ ಮುಗಿಸುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ತಮ್ಮ ಎರಡು ಸಲ ಹಿಂದೆ ತಿರುಗಿ ನೋಡಿದ. ಮೂರನೇ ಸಲ ಎದ್ದು ಬಂದ.

"ಕಾಲು ನೋವು ಇಟ್ಕೊಂಡು ಯಾಕೆ ನಿಂತಿದ್ದೀಯ? ಬಾ, ಕೂತ್ಕೋ."

"ಇಬ್ಬರಿಗೂ ಜಾಗ ಇದ್ರೆ ಬರ್ತೀನಿ."

"ಅಕ್ಕ, ಹಠ ಮಾಡಬೇಡ."

"ನಿಂತೇ ಇರ್ತೀನಿ ಬಿಡು. ಫಾದರ್ ಈಗ ಶುರು ಮಾಡಿದ್ದಾರೆ."

ತಮ್ಮ ಹಲ್ಲು ಕಚ್ಚಿಕೊಂಡು ಹೋಗಿ ಬೆಂಚಿನ ತುದಿಗೆ ಸರಿದ. ಬಿಟ್ಟ ಜಾಗ ಒಂದೂವರೆ ಜನಕ್ಕೆ ಆಗುವಷ್ಟಿತ್ತು. ಸೂಜಕ್ಕ ಫಿಟ್ಟರನನ್ನು ಮುಂದೆ ತಳ್ಳಿ ಕೂರಿಸಿ, ಉಳಿದ ಅರ್ಧದಲ್ಲಿ ತಾನು ಇರುಕಿಕೊಂಡು ಕೂತಳು.